ಹೂಂ ಅನ್ನೋವರೆಗೂ ತೀರ್ಪಿಲ್ಲ

ಅವರ ಎಡಗೈ ಮೇಲೆ, ಮಣಿಕಟ್ಟಿನಿಂದ ಮೊಣಕೈವರೆಗೆ, ಅಕ್ಕಿಕಾಳಿನಷ್ಟಗಲದ ಬಿಳಿ ಕಲೆಗಳಿದ್ದವು. ಹೊಸಬರು ಅದನ್ನು ತೊನ್ನು ಅಂದುಕೊಂಡು ಮುಖ ತಿರುಗಿಸಿದರೆ ಅವರೇ ಕೈ ಚಾಚಿ ತೋರಿಸುತ್ತಿದ್ದರು. "ನೋಡ್ರಿ, ನೋಡಿದ್ರೆ ಏನೂ ಆಗಲ್ಲ. ಆಸಿಡ್ ಸಿಡಿದಿದ್ದು." ಹಾಲಿನ ಫ್ಯಾಟು ಅಳೆಯುವ ಮೆಷಿನ್ನು ನಮ್ಮೂರ ಡೈರಿಗೆ ಬರುವ ಮುಂಚೆ, ಗಾಜಿನ ಕೊಳವೆಗೆ ಆಸಿಡ್ಡೂ ಹಾಲೂ ಹಾಕಿ, ಬಿರಡೆ ಒತ್ತಿ, ಕೈಯಲ್ಲೇ ಕುಲುಕಬೇಕಿತ್ತು. ಬಿರಡೆ ಸಡಿಲವಾದ ದಿನ ಕೈಗೊಂದು ಹೊಸ ಕಲೆ ಬರುತ್ತಿತ್ತು. ಮೆಷಿನ್ನು ಬಂದ ಮೇಲೆ ಕಲೆಗಳು ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ.

ಹರಿಯಬ್ಬೆ ಕಡೆಯ ನಮ್ಮ ಹಳ್ಳಿಯಲ್ಲಿ ಅವರು ಹಾಲಿನ ಡೈರಿಯ ಸೆಕ್ರೆಟರಿ. ಊರಿಗೆಲ್ಲ ಸೆಕ್ರೆಟರಮ್ಮ. ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ಸ್ವಂತ ಸೊಸೆ ಕೂಡ ಹೊರಗಿನವರ ಮುಂದೆ "ನಮ್ ಸೆಕ್ರೆಟರಮ್ಮ" ಅಂತಲೇ ಅನ್ನುತ್ತಿದ್ದಳು. ನಾನು ಬರೆಯಹೊರಟಿರುವುದು ಹಾಲಿನ ವಿಷಯ ಅಲ್ಲ, ಗುದ್ದಾಟದ ವಿಷಯ. ಈ ಹೆಂಗಸು ಜನ್ಮದಲ್ಲಿ ಯಾರ ಮೇಲೂ ಕೈ ಎತ್ತಿದವರಲ್ಲ. ಆದರೆ ನಾಲ್ಕು ತಾಲೂಕಿನ ಒಂದಿಷ್ಟು ಗಂಡಸರು ಹೆಂಗಸರು ಸೇರಿ ಫೋನಿನಲ್ಲಿ ಆಡುತ್ತಿದ್ದ ಕಾಳಗಕ್ಕೆ ಇವರೇ ತೀರ್ಪುಗಾರರು. ಹೇಳಿದರೆ ಜನ ನಗುತ್ತಾರೆ. ನಗಲಿ, ಮೊದಲು ನಕ್ಕವರು ನಾವೇ.

ಆಟ ಏನು ಅಂತ ಹೇಳಿಬಿಡುತ್ತೇನೆ. ಹಿರಿಯೂರಿನಲ್ಲಿ ನನ್ನದೊಂದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ. ಕೊರೊನಾ ಬಂದು ಅಂಗಡಿ ಮುಚ್ಚಿ ಕುಂತಿದ್ದ ಕಾಲ. ಮದುವೆ ಇಲ್ಲ, ನಾಮಕರಣ ಇಲ್ಲ, ಯಾರಿಗೂ ಯಾರೂ ಹುಟ್ಟುಹಬ್ಬದ ಶುಭಾಶಯ ಕೋರುತ್ತಿರಲಿಲ್ಲ. ಆಗ ಮತ್ತೋಡಿನ ಒಬ್ಬ ಪ್ರೈಮರಿ ಮೇಷ್ಟ್ರು ಒಂದು ಗ್ರೂಪು ಮಾಡಿದರು. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು, ಚಿತ್ರದುರ್ಗ ಅಂತ ಅವರಿಗೆ ಗೊತ್ತಿದ್ದವರು, ಗೊತ್ತಿದ್ದವರಿಗೆ ಗೊತ್ತಿದ್ದವರು ಸೇರಿಕೊಂಡರು. ಪ್ರತಿಯೊಬ್ಬರೂ ಒಂದು ಪಾತ್ರ ಕಟ್ಟಿಕೊಳ್ಳಬೇಕು. ಇಬ್ಬರು ಎದುರುಬದುರಾಗಿ ಬರವಣಿಗೆಯಲ್ಲೇ ಬಡಿದಾಡಬೇಕು. ಒಬ್ಬ ಒಂದು ಸರದಿ ಬರೆದರೆ ಇನ್ನೊಬ್ಬ ಅದಕ್ಕೆ ಉತ್ತರವಾಗಿ ತನ್ನ ಸರದಿ ಬರೆಯಬೇಕು. ಚಿತ್ರ ಇಲ್ಲ, ಸದ್ದಿಲ್ಲ, ಬಟನ್ ಒತ್ತುವುದಿಲ್ಲ, ಬರೀ ಮಾತು. ನನ್ನ ಪಾತ್ರ ಕಲ್ಲುಮರಿ. ಅವನ ಬಲಗಾಲು ಮೊಣಕಾಲಿನಿಂದ ಕೆಳಕ್ಕೆ ಕಲ್ಲು. ಕೈಯಲ್ಲೊಂದು ಗದೆ. ಓಡಲಾರ, ಆದರೆ ನಿಂತ ಜಾಗದಿಂದ ಅವನನ್ನು ಕದಲಿಸುವುದು ಕಷ್ಟ. ನನ್ನ ಹೆಂಡತಿ ಓದಿ, "ಇದರಾಗೆ ಪಾತ್ರ ಎಲ್ಲೈತೆ, ನೀನೇ ಇದೀಯಲ್ಲ" ಅಂದಿದ್ದಳು.

ಎಲ್ಲಾ ಚೆನ್ನಾಗಿತ್ತು, ನಿಯಮ ಒಂದು ಇರಲಿಲ್ಲ. ಹೊಳಲ್ಕೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವವನೊಬ್ಬ ಗ್ರೂಪಿನಲ್ಲಿದ್ದ. ಅವನ ಪಾತ್ರ ಗಾಳಿಗಾರ. ಸೊಂಟಕ್ಕೆ ಕಟ್ಟಿಕೊಂಡ ಕಂಬಳಿಯನ್ನು ಬಿಚ್ಚಿ ಬೀಸಿ ಅದರ ಮೇಲೆ ತೇಲುವವನು. ನಾನು "ಗದೆ ಬೀಸಿದೆ, ಅವನ ಪಕ್ಕೆಲುಬು ಮುರಿಯಿತು" ಅಂತ ಬರೆದರೆ ಅವನು "ಮುರಿಯಲಿಲ್ಲ, ನಾನಾಗಲೇ ಮರದ ಮೇಲಿದ್ದೆ" ಅಂತ ಬರೆಯುವನು. ಮುರಿಯಿತು, ಮುರಿಯಲಿಲ್ಲ, ಮುರಿಯಿತು, ಮುರಿಯಲಿಲ್ಲ. ಇಡೀ ಮಧ್ಯಾಹ್ನ ಇದೇ. ಮೇಷ್ಟ್ರು ನಡುವೆ ಬಂದು ಇಬ್ಬರಿಗೂ ಬೈದು, ಕೊನೆಗೆ ಯಾರು ಜಾಸ್ತಿ ಕೂಗಾಡಿದರೋ ಅವರಿಗೆ ಗೆಲುವು ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಒಬ್ಬೊಬ್ಬರೇ ಗ್ರೂಪು ಬಿಡತೊಡಗಿದ್ದರು.

ಅಂಥ ಒಂದು ಬೆಳಗ್ಗೆ ಡೈರಿಯ ಸಾಲಿನಲ್ಲಿ ನಿಂತು, ಒಂದು ಕೈಯಲ್ಲಿ ಕ್ಯಾನು, ಇನ್ನೊಂದರಲ್ಲಿ ಫೋನು ಹಿಡಿದು ಹೊಳಲ್ಕೆರೆಯವನಿಗೆ ಬೈಯುತ್ತಿದ್ದೆ. ನನ್ನ ಸರದಿ ಬಂದದ್ದು ನನಗೆ ಗೊತ್ತಾಗಲಿಲ್ಲ.

"ಲೇ, ಹಾಲು ಹಾಕಿ ಆಮೇಲೆ ಹೊಡೆದಾಡು. ಯಾರ ಜೊತೆ ಅದು?" ಅಂದರು ಸೆಕ್ರೆಟರಮ್ಮ.

ಹೇಳಿದೆ. ಕಲ್ಲು ಕಾಲು, ಗಾಳಿ, ಪಕ್ಕೆಲುಬು, ಎಲ್ಲಾ ಹೇಳಿದೆ. ಅವರು ನಗಲಿಲ್ಲ. ಹಾಲು ಅಳೆಯುತ್ತಲೇ ಕೇಳಿದರು, "ಅವನೇನಂತಾನೆ?"

"ಅವನು ಸುಳ್ಳು ಹೇಳ್ತಾನೆ."

"ಅದು ನಿನ್ನ ಮಾತಾತು. ಅವನೇನಂತಾನೆ ಅಂತ ಕೇಳಿದ್ದು ನಾನು."

ಇದು ಅವರ ಹಳೇ ಪದ್ಧತಿ, ಡೈರಿಯಲ್ಲಿ ಎಲ್ಲರಿಗೂ ಗೊತ್ತು. ಹಾಲಿಗೆ ಬರುವ ಹೆಂಗಸರಲ್ಲಿ ಇಬ್ಬರಿಗೆ ಜಗಳ ಬಿತ್ತು ಅನ್ನಿ, ನನ್ನ ಕ್ಯಾನು ಮುಂದಿತ್ತು, ಅವಳು ಸರಿಸಿ ತನ್ನದಿಟ್ಟಳು ಅಂತ. ಸೆಕ್ರೆಟರಮ್ಮ ಯಾರ ಮಾತನ್ನೂ ಅವರ ಬಾಯಿಂದಲೇ ಕೇಳುತ್ತಿರಲಿಲ್ಲ. "ಅವಳ ಮಾತು ನೀನ್ ಹೇಳು, ನಿನ್ ಮಾತು ಅವಳು ಹೇಳ್ಲಿ" ಅನ್ನುತ್ತಿದ್ದರು. ಹೇಳಿದ್ದನ್ನು ಕೇಳಿಸಿಕೊಂಡು ಆ ಕಡೆಯವಳು "ಹೂಂ, ಅದೇ" ಅನ್ನಬೇಕು. ಅನ್ನದಿದ್ದರೆ ಮತ್ತೆ ಹೇಳಬೇಕು. ಇಬ್ಬರೂ ಹೂಂ ಅಂದ ಮೇಲಷ್ಟೇ ಇವರು ಬಾಯಿ ಬಿಡುವುದು. ಮುಕ್ಕಾಲು ಪಾಲು ಜಗಳ ಅಷ್ಟರಲ್ಲೇ ಸಪ್ಪಗಾಗಿ, ಇಬ್ಬರೂ ಖಾಲಿ ಕ್ಯಾನು ಎತ್ತಿಕೊಂಡು ಹೋಗಿಬಿಡುತ್ತಿದ್ದರು.

ನನ್ನಿಂದ ಹೊಳಲ್ಕೆರೆಯವನಿಗೆ ಫೋನು ಮಾಡಿಸಿ ಸ್ಪೀಕರಿಗೆ ಹಾಕಿಸಿದರು. ಹಿಂದೆ ನಿಂತವರು ಗೊಣಗುತ್ತಿದ್ದರು. ನಾನು ಬಾಯಿಗೆ ಬಂದದ್ದು ಹೇಳಿದೆ, "ಇವನು ತಾನು ಗಾಳಿ ಜೊತೆ ಇರೋನು, ಕಲ್ಲುಮರಿ ಕೈ ಎತ್ತೋದ್ರೊಳಗೆ ತಾನು ಜಾಗ ಬಿಟ್ಟಿರ್ತೀನಿ, ನಿಂತು ಏಟು ತಿಂದ್ರೆ ತಾನು ಗಾಳಿಗಾರ ಹೆಂಗಾಗ್ತೀನಿ ಅಂತಾನೆ." ಫೋನಿನಿಂದ "ಹೂಂ" ಬಂತು. ಆಮೇಲೆ ಅವನ ಸರದಿ. "ಇವನಿಗೆ ಓಡಕ್ಕಾಗಲ್ಲ. ಒಂದ್ಸಲನಾದ್ರೂ ಕೈಗೆ ಸಿಕ್ಕಲಿ ಅಂತ ಕಾಯ್ತಾನೆ. ಸಿಗೋದೇ ಇಲ್ಲ ಅಂದ್ರೆ ತಾನು ಯಾಕೆ ಆಡ್ಬೇಕು ಅಂತ ಇವನ ಬ್ಯಾಸರ." ನನಗೇ ಆಶ್ಚರ್ಯ ಆಯಿತು. ಹೂಂ ಅಂದೆ.

"ನಿನ್ನ ಕೈ ನಿಂದು, ಅವನ ಮೈ ಅವನ್ದು," ಅಂದರು ಸೆಕ್ರೆಟರಮ್ಮ. "ಬೀಸ್ದೆ ಅಂತ ನೀನು ಬರಿ. ಬಿತ್ತು ಅಂತ ಅವನು ಬರೀಲಿ. ಬೀಳಲೇ ಇಲ್ಲ ಬೀಳಲೇ ಇಲ್ಲ ಅಂತ ಬರ್ಕಂಡೇ ಹೋದ್ರೆ ಅವನಿಗೆ ಆಡೋ ಮನಸಿಲ್ಲ ಅಂತರ್ಥ, ಮನೆಗೆ ಕಳಿಸ್ರಿ. ಆತು, ಮುಂದೆ ಬರ್ರಿ." ಕೊನೆಯದು ನನ್ನ ಹಿಂದಿದ್ದವರಿಗೆ ಹೇಳಿದ್ದು.

ಅವತ್ತೇ ಸಂಜೆ ಗ್ರೂಪಿನವರೆಲ್ಲ ಸೇರಿ ಅವರನ್ನೇ ತೀರ್ಪುಗಾರರಾಗಿ ಅಂತ ಕೇಳಿಕೊಂಡೆವು. "ನನಗೇನ್ ಕೆಲ್ಸ ಇಲ್ವಾ?" ಅಂತ ಒಂದು ವಾಯ್ಸ್ ಮೆಸೇಜು ಬಂತು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು, ಅದರಲ್ಲಿ ನಿಯಮಗಳಿದ್ದವು. ಹಾಲಿನ ಹೊತ್ತಿನಲ್ಲಿ ಯಾರೂ ಕರೆಯುವಂತಿಲ್ಲ. ತಕರಾರಿದ್ದವರು "ತಕರಾರು" ಅಂತ ಒಂದೇ ಪದ ಬರೆದು ಬಾಯಿ ಮುಚ್ಚಿಕೊಂಡಿರಬೇಕು, ಅವರು ಕೇಳುವವರೆಗೆ ವಾದ ಮಾಡುವಂತಿಲ್ಲ. ತಾನು ಬರೆದ ಸರದಿಯ ಅರ್ಥವನ್ನು ತಾನೇ ಬಿಡಿಸಿ ಹೇಳುವಂತಿಲ್ಲ, ಅರ್ಥ ಮಾಡಿಕೊಳ್ಳುವುದು ಎದುರಿನವನ ಕೆಲಸ. ಎದುರಿನವನು ಹೂಂ ಅನ್ನುವವರೆಗೆ ತೀರ್ಪಿಲ್ಲ. ಕೊಟ್ಟ ಮೇಲೆ ತಿರುಗಿಸುವುದಿಲ್ಲ.

ಅವರ ತೀರ್ಪುಗಳೆಲ್ಲ ವಾಯ್ಸ್ ಮೆಸೇಜುಗಳೇ. ಹಿಂದೆ ಕ್ಯಾನಿನ ಸದ್ದು, ಯಾರೋ ಕರುವನ್ನು ಗದರುವ ಸದ್ದು. ಯಾವ ಆಯುಧಕ್ಕೂ ಅವರು ಸರಿಯಾದ ಹೆಸರು ಹೇಳಿದವರಲ್ಲ. ಖಡ್ಗ, ಕಠಾರಿ, ಪರಶು ಎಲ್ಲಾ ಅವರಿಗೆ ಮಚ್ಚು. ದುರ್ಗದ ಒಬ್ಬ ನರ್ಸಮ್ಮನ ಪಾತ್ರ ಬೆಂಕಿ ಉಗುಳುವ ಹಕ್ಕಿ. ಸರದಿಗೊಂದು ಸಲ ಉಗುಳಿ ಎಲ್ಲರನ್ನೂ ಬೂದಿ ಮಾಡುತ್ತಿದ್ದಳು. ಸೆಕ್ರೆಟರಮ್ಮ ಕೇಳಿದರು, "ಅಷ್ಟು ಬೆಂಕಿ ಉಗುಳಿದ್ರೆ ಬಾಯಿ ಸುಡಲ್ವೇನವ್ವ? ಒಂದ್ ಸರದಿ ಕುಂತು ನೀರು ಕುಡಿ." ಅಲ್ಲಿಂದ ಅದು ನಿಯಮವಾಯಿತು. ಏನು ದೊಡ್ಡ ಕೆಲಸ ಮಾಡಿದರೂ ಮುಂದಿನ ಸರದಿ ದಣಿವಾರಿಸಿಕೊಳ್ಳಬೇಕು. ಹೊಸದುರ್ಗದವನೊಬ್ಬ ದೆವ್ವದ ಪಾತ್ರ ತಂದು, ನನಗೆ ಮೈಯೇ ಇಲ್ಲ, ಏಟು ಬೀಳುವುದು ಹೇಗೆ ಅಂದಾಗ, "ದೆವ್ವ ಆದ್ರೂ ಎಲ್ಲೋ ಒಂದ್ ಕಡೆ ನಿಂತ್ಕಬೇಕಲ್ಲಪ್ಪ, ಆ ಜಾಗಕ್ಕೆ ಹೊಡೀಲಿ" ಅಂದರು.

ಇಷ್ಟು ಓದಿ ಅವರನ್ನು ಅಕ್ಕರೆಯ ಅಜ್ಜಿ ಅಂತ ಯಾರೂ ತಿಳಿಯಬೇಡಿ. ಮೂಗಿನ ತುದಿಯಲ್ಲಿ ಸಿಟ್ಟು. ಹುಳಿ ಬಂದ ಹಾಲನ್ನು ಸಾಲಿನವರ ಮುಂದೆಯೇ ಮೋರಿಗೆ ಸುರಿಯುತ್ತಿದ್ದರು, ಯಾರ ಮನೆಯದಾದರೂ ಸರಿ. ಅದಕ್ಕೆ ಅವರನ್ನು ಶಪಿಸಿದವರು ಊರಲ್ಲಿ ಬೇಕಾದಷ್ಟು ಜನ ಇದ್ದರು, ಒಂದೆರಡು ಸಲ ನಮ್ಮಮ್ಮನೂ. ಯಾರ ಬರವಣಿಗೆಯನ್ನೂ ಹೊಗಳುತ್ತಿರಲಿಲ್ಲ. ನಾನೊಮ್ಮೆ ಕೋಟೆಯ ಮೇಲಿನ ಸೂರ್ಯಾಸ್ತ ವರ್ಣಿಸಿ ಉದ್ದನೆಯ ಸರದಿ ಬರೆದಿದ್ದೆ. "ಹೊಡೆದ್ಯೋ ಇಲ್ವೋ?" ಅಂತ ಮಾತ್ರ ಕೇಳಿದರು.

ಅವರು ನಿಜವಾಗಿ ಕೆಂಡವಾಗಿದ್ದು ಒಂದೇ ಸಲ. ಮತ್ತೋಡಿನ ಮೇಷ್ಟ್ರಿಗೂ ಹೊಸದುರ್ಗದ ಅವರ ಗೆಳೆಯನಿಗೂ ಪಂದ್ಯ ಬಿದ್ದು ತಕರಾರಾಗಿತ್ತು. ಇಬ್ಬರೂ ಒಂದೇ ಕಡೆ ಕುಂತು ಆಡುತ್ತಿದ್ದವರು. "ಹೂಂ ಅಂದ್ಬಿಡು ಮಾರಾಯ, ಊಟಕ್ಕೆ ಹೋಗಾಣ" ಅಂತ ಒಬ್ಬ ಅಂದ, ಇನ್ನೊಬ್ಬ ಓದದೆಯೇ ಹೂಂ ಅಂದ, ತೀರ್ಪೂ ಬಂತು. ಮರುದಿನ ಗೆಳೆಯ ಇದನ್ನೇ ದೊಡ್ಡ ತಮಾಷೆ ಅಂತ ಗ್ರೂಪಿನಲ್ಲಿ ಹೇಳಿಕೊಂಡ. ಸೆಕ್ರೆಟರಮ್ಮ ಪಂದ್ಯವನ್ನೇ ರದ್ದು ಮಾಡಿ ಇಬ್ಬರನ್ನೂ, ನಾವು ವರ್ಷಕ್ಕೊಂದು ಸಲ ನಡೆಸುತ್ತಿದ್ದ ಟೂರ್ನಮೆಂಟಿನಿಂದ ಆ ವರ್ಷ ಹೊರಗೆ ಹಾಕಿದರು. ಗ್ರೂಪು ಮಾಡಿದವರೇ ಗ್ರೂಪಿನ ಆಟದಿಂದ ಹೊರಗೆ! ಮೇಷ್ಟ್ರು ಫೋನು ಮಾಡಿ, "ಅಮ್ಮ, ಬರೀ ಒಂದ್ ಹೂಂ ಅಷ್ಟೇ ಅಲ್ವಾ" ಅಂದರಂತೆ. "ಹಾಲಿಗೆ ನೀರು ಹಾಕಿದ್ರೆ ಹಿಡಿಯಕ್ಕೆ ಮೆಷಿನ್ ಐತೆ. ಸುಳ್ಳು ಹೂಂ ಅಂದ್ರೆ ಹಿಡಿಯಕ್ಕೆ ನನ್ನತ್ರ ಏನೈತಪ್ಪ?" ಅಂದರಂತೆ ಇವರು. ಮೇಷ್ಟ್ರು ಸಿಟ್ಟಿನಲ್ಲಿ ಗ್ರೂಪು ಬಿಟ್ಟು, ಒಂದು ವಾರ ತಡೆದುಕೊಂಡು, ವಾಪಸು ಬಂದರು.

ಆಮೇಲೆ ಅವರಿಗೆ ಕಿಡ್ನಿ ಕೆಟ್ಟಿತು. ವಾರದಲ್ಲಿ ಕೆಲವು ದಿನ ದುರ್ಗಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಡೈರಿಯ ಕೆಲಸ ಬೇರೆಯವರಿಗೆ ಹೋಯಿತು. ತೀರ್ಪಿನ ಕೆಲಸ ಬಿಡಲಿಲ್ಲ. ಬಸ್ಸಿನಲ್ಲಿ ಸೊಸೆ ಪಕ್ಕದಲ್ಲಿ ಕುಂತು ನಮ್ಮ ಸರದಿಗಳನ್ನು ಓದಿ ಹೇಳುವಳು, ಇವರು ಕಣ್ಣು ಮುಚ್ಚಿಕೊಂಡು ಕೇಳುವರು. ಪಾಪ, ಆ ಹುಡುಗಿಗೆ ಮೊದಮೊದಲು ನಾಚಿಕೆ. ಇಡೀ ಬಸ್ಸಿಗೆ ಕೇಳುವಂತೆ "ಗಾಳಿಗಾರ ಬೆನ್ನ ಹಿಂದೆ ಹಾರಿದ" ಅಂತ ಓದುವುದೆಂದರೆ ಸುಲಭವೇ? ಆಮೇಲೆ ರೂಢಿಯಾ‍ಯಿತಂತೆ.

ಆ ವರ್ಷ ಫೈನಲ್ಲಿಗೆ ಬಂದವರು ನಾನು ಮತ್ತು ಹೊಳಲ್ಕೆರೆಯವನು. ಅಷ್ಟು ಹೊತ್ತಿಗೆ ಜಗಳ ಆಡಿ ಆಡಿ ನಾವಿಬ್ಬರೂ ದೋಸ್ತಿಗಳಾಗಿದ್ದೆವು. ಒಂದು ದಿನ ಅವನ ಮೆಸೇಜು ಬರದಿದ್ದರೆ ನನಗೆ ಏನೋ ಕಳೆದುಕೊಂಡ ಹಾಗೆ. ಪಂದ್ಯದ ಜಾಗ ಮಾರಿಕಣಿವೆ ಅಣೆಕಟ್ಟಿನ ಮೇಲಿನ ದಾರಿ, ನೀರಿಗೆ ಬಿದ್ದವನು ಸೋತ. ಗಾಳಿಗಾರ ತಪ್ಪಿಸಿಕೊಂಡು ಅಂಚಿನ ಗೋಡೆಯ ಮೇಲೆ ಹತ್ತಿ ನಿಂತ. ಸೊಂಟಕ್ಕೆ ಕಟ್ಟಿದ ಕಂಬಳಿಯ ತುದಿ ದಾರಿಯ ಮೇಲೆ ಜೋಲುತ್ತಿತ್ತು. ಇದು ಅವನೇ ಬರೆದದ್ದು. ನನ್ನ ಸರದಿಯನ್ನು ನಾನು ಎರಡು ಮೆಸೇಜಾಗಿ ಹಾಕಿದೆ. ಮೊದಲನೆಯದು: "ಕಲ್ಲುಮರಿ ಗದೆ ಕೆಳಗಿಟ್ಟ. ಅಟ್ಟಿಸಿಕೊಂಡು ಹೋಗಲಿಲ್ಲ. ಸುಮ್ಮನೆ ನಿಂತ." ಎರಡನೆಯದು: "ಕಂಬಳಿಯ ತುದಿಯ ಮೇಲೆ ಕಲ್ಲುಕಾಲು ಇಟ್ಟ. ಗಾಳಿ ಜೋರಾಗಿತ್ತು." ಇವೆರಡರ ನಡುವೆ ಗ್ರೂಪಿನ ಯಾರೋ ಪುಣ್ಯಾತ್ಮರು ಗುಲಾಬಿ ಹೂವಿನ ಶುಭೋದಯದ ಚಿತ್ರ ಹಾಕಿದರು.

ಹೊಳಲ್ಕೆರೆಯವನು ಬರೆದ, "ಗಾಳಿಗಾರ ಕೆಳಗಿಳಿದು ಬೆನ್ನ ಹಿಂದಿನಿಂದ ನೂಕಿದ." ನನ್ನ ಕಾಲಡಿಯ ಕಂಬಳಿಯ ಸುದ್ದಿಯೇ ಅದರಲ್ಲಿರಲಿಲ್ಲ. ನಾನು "ತಕರಾರು" ಅಂತ ಬರೆದು ಬಾಯಿ ಮುಚ್ಚಿಕೊಂಡು ಕುಂತೆ. ಕರೆಯುತ್ತಾರೆ, ನನ್ನ ಮಾತು ಅವನು ಹೇಳುತ್ತಾನೆ, ಅವನ ಮಾತು ನಾನು ಹೇಳುತ್ತೇನೆ ಅಂತ ಕಾದೆ. ಕರೆಯಲಿಲ್ಲ. ದುರ್ಗದ ಬಸ್ಸಿನಿಂದ ಒಂದು ವಾಯ್ಸ್ ಮೆಸೇಜು ಬಂತು, ದನಿಯಲ್ಲಿ ಸುಸ್ತಿತ್ತು. "ಕಲ್ಲುಮರಿ ಸುಮ್ನೆ ನಿಂತಿದ್ದ, ಬೆನ್ನು ಕೊಟ್ಟಿದ್ದ. ನೂಕಿದ್ರೆ ಬೀಳ್ತಾನೆ. ಆಟ ಮುಗೀತು."

ಸಿಟ್ಟು ಬಂತು. ಸೋತದ್ದಕ್ಕಲ್ಲ, ಸೋಲು ನನಗೆ ಹೊಸದೇನಲ್ಲ. ನನ್ನನ್ನು ಕೇಳಲೇ ಇಲ್ಲವಲ್ಲ ಅಂತ. ಆದರೆ ಕೊಟ್ಟ ತೀರ್ಪಿಗೆ ಎದುರು ಮಾತಿಲ್ಲ, ಸುಮ್ಮನಾದೆ. ಹಿರಿಯೂರಿನ ಒಂದು ಹೋಟೆಲಿನಲ್ಲಿ ಎಲ್ಲರೂ ಸೇರಿ ದೋಸೆ ತಿಂದು, ಗೆದ್ದವನಿಗೆ ಅಂತ ಸೆಕ್ರೆಟರಮ್ಮ ಕಳಿಸಿದ್ದ ಸ್ಟೀಲ್ ಕ್ಯಾನನ್ನು ಹೊಳಲ್ಕೆರೆಯವನಿಗೆ ಕೊಟ್ಟು, ಫೋಟೋ ತೆಗೆಸಿಕೊಂಡು ಬಂದೆವು.

ಕೆಲವು ವಾರ ಕಳೆದಿರಬಹುದು. ಸೊಸೆಯ ಫೋನು ತುಂಬಿಹೋಗಿ, ಅವಳು ಕುಂತು ಹೂವಿನ ಚಿತ್ರಗಳನ್ನೆಲ್ಲ ಅಳಿಸುತ್ತಿದ್ದಳಂತೆ. ಗುಲಾಬಿಯ ಕೆಳಗೆ ನನ್ನ ಎರಡನೇ ಮೆಸೇಜು ಸಿಕ್ಕಿತು. ಬಸ್ಸಿನ ಗಲಾಟೆಯಲ್ಲಿ ಅವಳು ಅದನ್ನು ಓದಿಯೇ ಇರಲಿಲ್ಲ. ಇನ್ನೊಬ್ಬಳಾಗಿದ್ದರೆ ಅದನ್ನೂ ಅಳಿಸಿ ಸುಮ್ಮನಾಗುತ್ತಿದ್ದಳೋ ಏನೋ. ಇವಳು ಹೋಗಿ ಅತ್ತೆಗೆ ಹೇಳಿದಳು.

ಗ್ರೂಪಿಗೆ ಸೆಕ್ರೆಟರಮ್ಮನ ದನಿ ಬಂತು. "ಫೈನಲ್‌ನಾಗೆ ನಾನು ತಪ್ಪು ಮಾಡೀನಿ. ಹುಡುಗಿದಲ್ಲ ತಪ್ಪು. ಇಬ್ರನ್ನೂ ಕರೆದು ಕೇಳಿದ್ರೆ ಅಲ್ಲೇ ಗೊತ್ತಾಗ್ತಿತ್ತು, ಕರೀಲಿಲ್ಲ ನಾನು, ಸುಸ್ತಾಗಿತ್ತು. ಈಗ ಕಲ್ಲುಮರಿ ಮಾತು ನಾನೇ ಹೇಳ್ತೀನಿ. ಅವನು ಹೂಂ ಅನ್ನೋವರೆಗೂ ನಾನು ತೀರ್ಪುಗಾರಳಲ್ಲ. ಅನ್ನಲಿಲ್ಲ ಅಂದ್ರೆ ಬೇರೆಯೋರನ್ನ ನೋಡ್ಕಳ್ರಿ." ಕೊಟ್ಟ ತೀರ್ಪು ತಿರುಗಿಸಂಗಿಲ್ಲ ಅಂತ ನೀವೇ ಮಾಡಿದ್ದಲ್ವಾ ಅಂತ ಯಾರೋ ಬರೆದರು. "ಕೇಳ್ದೆ ಕೊಟ್ಟಿದ್ದು ತೀರ್ಪಲ್ಲ, ಬಾಯಿ ಚಪಲ" ಅಂದರು.

ಮಾರನೇ ದಿನ ಹೇಳಿದರು. "ಇವನು ಕಂಬಳಿ ತುಳಿದು ಅವನ್ನ ಕಟ್ಟಿಹಾಕ್ದ. ಅವನು ಅಲ್ಲಾಡಂಗಿಲ್ಲ ಅಂತ ಮಾಡ್ದ. ಹೌದೇನಪ್ಪ?"

ನಾನು ಫೋನು ಹಿಡಿದು ಕುಂತೆ. ಹೂಂ ಅಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ನಾನು ಬರೆದದ್ದು ಅದಲ್ಲ. "ಅಲ್ಲ" ಅಂತ ಹಾಕಿದೆ. ಏನು ಅಂತ ಬಿಡಿಸಿ ಹೇಳುವ ಹಾಗೂ ಇಲ್ಲ, ಅವರದೇ ನಿಯಮ.

ಇನ್ನೊಂದು ಸಲ ಪ್ರಯತ್ನ ಮಾಡಿದರು, ದನಿ ಮೊದಲಿಗಿಂತ ಇಳಿದಿತ್ತು. "ಗದೆ ಕೆಳಗಿಟ್ಟು ಆಸೆ ತೋರಿಸ್ದ. ಅವನು ಹತ್ರ ಬಂದ್ರೆ ಕಂಬಳಿ ಎಳೆದು ಕೆಡವ್ಬೇಕು ಅಂತಿದ್ದ." ಅದೂ ಅಲ್ಲ. "ಅಲ್ಲ" ಅಂತ ಹಾಕಿದೆ.

ಅವತ್ತು ನನ್ನ ಮೇಲೆ ಬಿದ್ದಷ್ಟು ಮಾತು ಜೀವನದಲ್ಲಿ ಬಿದ್ದಿಲ್ಲ. ಮೇಷ್ಟ್ರು ಫೋನು ಮಾಡಿ, "ಏನಪ್ಪ, ಮನುಷ್ಯತ್ವ ಐತಾ ನಿಂಗೆ? ಆಯಮ್ಮ ಎಂಥಾ ಸ್ಥಿತಿನಾಗೆ ಅವ್ರೆ, ನೀನು ಇಲ್ಲದ ಕಂಬಳಿ ಹಿಡ್ಕಂಡು ಕುಂತಿದೀಯ" ಅಂದರು. ಹೊಳಲ್ಕೆರೆಯವನು ಬೈಯಲಿಲ್ಲ, ಅದು ಇನ್ನೂ ಕಷ್ಟ. "ಕ್ಯಾನು ವಾಪಸ್ ತಂದ್ಕೊಡ್ತೀನಿ, ನೀನೇ ಗೆದ್ದೆ ಅಂತ ಬರೀತೀನಿ, ಹೂಂ ಅಂದ್ಬಿಡೋ" ಅಂದ. ನನ್ನ ಹೆಂಡತಿ ಊಟದ ತಟ್ಟೆಯನ್ನು ಸದ್ದಾಗುವ ಹಾಗೆ ಇಟ್ಟು ಒಳಗೆ ಹೋದಳು. ಕೊನೆಗೆ ಸೊಸೆಯ ಫೋನು. "ಅಣ್ಣ, ಅತ್ತೆ ಇದೇ ಯೋಚನೆ ಮಾಡ್ತಾ ಸರಿಯಾಗಿ ಉಣ್ತಿಲ್ಲ. ನಿಮ್ ಕಾಲಿಗೆ ಬೀಳ್ತೀನಿ, ಹೂಂ ಅನ್ರಿ."

ಟೈಪು ಮಾಡಿದೆ, ಅಳಿಸಿದೆ. ನಾನೇನು ಕಲ್ಲಲ್ಲ, ಕಾಲು ಮಾತ್ರ ಕಲ್ಲು, ಅದೂ ಆಟದಲ್ಲಿ. ಈ ಹೆಂಗಸಿಗೆ ಏನಾದರೂ ಆಗಿಹೋದರೆ, ಕೊನೆಯಲ್ಲಿ ನಾನು ಕೊಟ್ಟದ್ದು ಎರಡು "ಅಲ್ಲ" ಅಂತ ಜನ್ಮವಿಡೀ ಹೊತ್ತು ತಿರುಗಬೇಕು. ನನಗೆ ಭಯವಾಗಿತ್ತು. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಅವರಿಗೆ ಕೊಡಬಾರದ ವಸ್ತು ಅಂತ ಲೋಕದಲ್ಲಿ ಒಂದಿದ್ದರೆ ಅದು ಸುಳ್ಳು ಹೂಂ. ಎಲ್ಲರೂ ಸೇರಿ ಅದನ್ನೇ ಕೊಡು, ಪಾಪ ಕೊಡು ಅನ್ನುತ್ತಿದ್ದರು.

ಸೆಕ್ರೆಟರಮ್ಮನೇ ಹೇಳಿಕಳಿಸಿದರು. ಹೋದೆ. ಬೆಳಗ್ಗೆ ಹಾಲಿನವರೆಲ್ಲ ಹೋದ ಮೇಲೆ ಡೈರಿಯ ಜಗಲಿಯ ಮೇಲೆ ಗೋಡೆಗೊರಗಿ ಕುಂತಿದ್ದರು. ಮುಖ ಊದಿತ್ತು. ಸೊಸೆ ನನ್ನ ಕಡೆ ನೋಡದೆ ಲೋಟ ತಂದಿಟ್ಟು ಒಳಗೆ ಹೋದಳು.

"ಕುಂತ್ಕ. ಎಲ್ಲಾರೂ ಬೈದ್ರಂತೆ?"

"ಬೈದ್ರು."

"ಬೈಲಿ ಬಿಡು. ಹೂಂ ಅಂದಿದ್ರೆ ನಾನು ಬೈತಿದ್ದೆ." ಆಮೇಲೆ ಕೇಳಿದರು, "ಗಾಳಿ ಜೋರಾಗಿತ್ತು ಅಂತ ಯಾಕೆ ಬರ್ದೆ?"

"ಜೋರಾಗಿತ್ತು, ಅದಕ್ಕೆ ಬರ್ದೆ."

"ಸೂರ್ಯ ಮುಳುಗಿದ್ದು ಬರ್ಯೋದು ಬಿಟ್ಟು ಬಾಳ ದಿನ ಆತು ನೀನು. ಈಗ ಬ್ಯಾಡದ್ದು ಬರಿಯಲ್ಲ." ಲೋಟವನ್ನು ನನ್ನ ಕಡೆ ಸರಿಸಿದರು. "ಮಾರಿಕಣಿವೆ ಮ್ಯಾಲೆ ನಿಂತಿದೀಯ ನೀನು?"

"ನಿಂತಿದೀನಿ. ಗಾಳಿ ಆಳನ್ನ ಅಲ್ಲಾಡಿಸ್ತೈತೆ."

"ಗೋಡೆ ಮ್ಯಾಲೆ ಇದ್ದಿದ್ದು ಯಾರು?"

"ಅವನು."

ಕಣ್ಣು ಮುಚ್ಚಿದರು. ನಿದ್ದೆ ಹೋದರೇನೋ ಅಂದುಕೊಂಡೆ. ಆಮೇಲೆ ಕಣ್ಣು ಮುಚ್ಚಿಕೊಂಡೇ ಮೆಲ್ಲಗೆ ಹೇಳಿದರು, "ಕಟ್ಟಿಹಾಕಕ್ಕಲ್ಲ. ಕೆಡವಕ್ಕೂ ಅಲ್ಲ. ಅವನೆಲ್ಲಿ ಬಿದ್ದೋಗ್ತಾನೋ ಅಂತ ಹಿಡ್ಕಂಡೆ ನೀನು. ಗದೆ ಬಿಸಾಕಿ, ಗುದ್ದಾಟ ಬಿಟ್ಟು, ಹಿಡ್ಕಂಡೆ. ಬೀಳ್ತೀಯ ಕಣೋ ಇಳಿ ಅಂತ ಹೇಳಕ್ಕೆ ನಾಚಿಕೆ ಆತು. ಅದಕ್ಕೆ ಗಾಳಿ ಜೋರಾಗಿತ್ತು ಅಂತ ಬರ್ದೆ."

ಆ ಮಾತನ್ನು ನಾನು ನನಗೇ ಅಷ್ಟು ನೇರವಾಗಿ ಹೇಳಿಕೊಂಡಿರಲಿಲ್ಲ. ಅವನು ನೀರಿಗೆ ಬಿದ್ದರೆ ನಾನು ಗೆಲ್ಲುತ್ತಿದ್ದೆ, ನಿಜ. ಆದರೆ ಅವನಿಲ್ಲದೆ ನಾನು ಯಾರ ಜೊತೆ ಜಗಳ ಆಡಲಿ?

"ಹೂಂ" ಅಂದೆ. "ಹೂಂ, ಅದೇ."

ಅವರು ಕಣ್ಣು ಬಿಟ್ಟು, ಬೆನ್ನು ನೆಟ್ಟಗೆ ಮಾಡಿ ಕುಂತರು. ಮುಖದಲ್ಲಿ ಬೇರೆಯೇ ಕಳೆ ಬಂತು. "ಸರಿ. ಈಗ ತೀರ್ಪು ಕೇಳು. ಕಂಬಳಿ ಆಳುದ್ದ ಇರ್ತೈತೆ. ಒಂದ್ ತುದಿ ನಿನ್ ಕಾಲಡಿ, ಇನ್ನೊಂದು ತುದಿ ಅವನ ಸೊಂಟದಾಗೆ. ಅಷ್ಟರೊಳಗೆ ಅವನು ನಿನ್ ಸುತ್ತ ಎಲ್ಲಿಗಾದ್ರೂ ಬರ್ಬಹುದು, ಬೆನ್ನಿಗೂ ಬರ್ಬಹುದು. ನಿಂದು ಒಂದೇ ಕಾಲು ಕಲ್ಲು. ಊರ್ಕಳಕ್ಕೆ ಗದೆ ಇತ್ತು, ಅದನ್ನೂ ಕೆಳಗಿಟ್ಟಿದೀಯ. ಅವನು ನೂಕ್ದ. ನೀನು ಬಿದ್ದೆ. ನೀನೇ ಸೋತಿದ್ದು."

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. "ಇಷ್ಟೆಲ್ಲ ಆದ್ಮೇಲೂ ಸೋತೆನಾ?"

"ಒಳ್ಳೇದು ಮಾಡ್ದೋನು ಗೆಲ್ಲಬೇಕು ಅಂತ ನಿಯಮ ಮಾಡಿಲ್ವಲ್ಲಪ್ಪ ನಾವು," ಅಂದರು. "ಲೋಟ ಹಂಗೇ ಐತೆ, ಕುಡಿ."

ನಗು ಬಂತು. ಎಷ್ಟು ನಕ್ಕೆನೆಂದರೆ ಒಳಗಿನಿಂದ ಸೊಸೆ ಓಡಿ ಬಂದಳು. ಸೆಕ್ರೆಟರಮ್ಮ ಅವಳ ಕೈಯಿಂದ ಫೋನು ತೆಗೆದುಕೊಂಡು ಅಲ್ಲೇ ಗ್ರೂಪಿಗೆ ತೀರ್ಪು ಹೇಳಿದರು, ಮೊದಲಿನಿಂದ ಕೊನೆವರೆಗೆ, ನನ್ನ ಮಾತು ಮೊದಲು, ಗೆಲುವು ಆಮೇಲೆ. ಆ ಮಧ್ಯಾಹ್ನ ಅವರು ರಾಗಿಮುದ್ದೆ ಕೇಳಿ ಹಾಕಿಸಿಕೊಂಡು ಉಂಡರಂತೆ.

ಹೊಳಲ್ಕೆರೆಯವನು ಸಂಜೆ ಫೋನು ಮಾಡಿದ. ಇಬ್ಬರೂ ಸಿಮೆಂಟಿನ ರೇಟು ಮಾತಾಡಿ ಇಟ್ಟೆವು.

ಮುಂದಿನ ಟೂರ್ನಮೆಂಟಿಗೆ ಹೆಸರು ಕೊಡುವುದು ಶುರುವಾಗಿತ್ತು, ಅಷ್ಟರಲ್ಲಿ ಸೆಕ್ರೆಟರಮ್ಮ ಹೋದರು. ತೀರ್ಪುಗಾರರಾಗಿಯೇ ಹೋದರು. ಅವರ ಹೊಲದಲ್ಲೇ ಸಮಾಧಿ ಮಾಡಿದರು. ನಾಲ್ಕು ಊರಿನಿಂದ ಬಂದವರನ್ನು ನಮ್ಮೂರ ಹಿರಿಯರು, ನೀವು ಏನಾಗಬೇಕು, ಯಾವ ಕಡೆ ನೆಂಟರು ಅಂತ ಕೇಳುತ್ತಿದ್ದರು. ಹೊಳಲ್ಕೆರೆಯವನು, "ನಮ್ ಜಗಳ ಬಿಡಿಸ್ತಿದ್ರು" ಅಂದ. ಮೇಷ್ಟ್ರು ಮಣ್ಣು ಹಾಕಿ ಬಂದು ದೂರ ನಿಂತು ಮಗುವಿನ ಹಾಗೆ ಅತ್ತರು.

ಊರ ಬಾಗಿಲಿಗೆ ಶ್ರದ್ಧಾಂಜಲಿಯ ಫ್ಲೆಕ್ಸ್ ನಾನೇ ಮಾಡಬೇಕಿತ್ತು. ಫೋಟೋದ ಕೆಳಗೆ ಅತ್ತೆಯ ಬಗ್ಗೆ ಎರಡು ಸಾಲು ಬರೆಯಿರಿ ಅಣ್ಣ ಅಂದಳು ಸೊಸೆ. ಬರೆದು ಅವಳಿಗೆ ಓದಿದೆ. ಅವಳು ಅಳುತ್ತಲೇ ಹೂಂ ಅಂದಳು. ಅದು ಅವಳ ಹೂಂ, ಅತ್ತೆಯದಲ್ಲ. ಅಂಗಡಿಗೆ ಬಂದು ಆ ಎರಡು ಸಾಲು ತೆಗೆದು ಬರೀ ಫೋಟೋ ಹಾಕಿ ಕೊಟ್ಟೆ.

ಈಗ ಇಷ್ಟು ಬರೆದಿದ್ದೇನೆ. ಸೆಕ್ರೆಟರಮ್ಮ ಕೇಳಿಸಿಕೊಂಡಿದ್ದರೆ ಎರಡು ಮೂರು ಕಡೆಯಾದರೂ "ಅಲ್ಲ" ಅನ್ನುತ್ತಿದ್ದರು, ನಾನು ಅಳಿಸಿ ಮತ್ತೆ ಬರೆಯುತ್ತಿದ್ದೆ. ಅವರು ಹೋದದ್ದಕ್ಕಿಂತ, ಅವರ ಮಾತನ್ನು ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ಅಂತ ಇನ್ನು ಯಾವತ್ತೂ ಗೊತ್ತಾಗುವುದಿಲ್ಲವಲ್ಲ, ಆ ಸಂಕಟವೇ ನನಗೆ ದೊಡ್ಡದು.